ಎರಡನೇ ಖಾನೆ ಪೆನ್ಸಿಲಿನಲ್ಲಿ

ಜುಬೈಲ್. ಬುಧವಾರ ರಾತ್ರಿ.
ಸುಪ್ರದ ಮೇಲಿನ ಮೀನಿನ ಮುಳ್ಳು ಗುಡಿಸಿ
ಮಗಳು ಹರಡಿದ್ದು ಒಂದೇ ಹಾಳೆ:
ಹನ್ನೊಂದನೇ ತರಗತಿ, ವಿಷಯಗಳ ಆಯ್ಕೆ.
ಮೂರು ಖಾನೆ, ಕೆಳಗೆ ಪೋಷಕರ ಸಹಿ.
ನಾಳೆ ಗುರುವಾರ ಕೊನೆಯ ದಿನ.
ಶುಕ್ರವಾರ ಶಾಲೆಯೂ ಇಲ್ಲ, ಕ್ಷಮೆಯೂ ಇಲ್ಲ.

ಉಪ್ಪಿನಂಗಡಿಯಲ್ಲಿ ನಾನು ಪಿಯುಸಿಗೆ ಹೋದ ದಿನ
ಸೈನ್ಸಿನ ಸಾಲು ಬಾವಿಕಟ್ಟೆ ದಾಟಿತ್ತು.
ಕಾಮರ್ಸಿಗೆ ಏಳೇ ಜನ, ಮೇಲೆ ಗೇರುಮರದ ನೆರಳು.
ಎರಡೂವರೆಯ ಬಸ್ಸು ಹಿಡಿಯಬೇಕಿತ್ತು.
ನೆರಳಲ್ಲಿ ನಿಂತೆ.
ಅಷ್ಟೇ.
ಆ ಬಸ್ಸಿನಿಂದ ಇನ್ನೂ ಇಳಿದಿಲ್ಲ.

ಹತ್ತೊಂಬತ್ತು ವರ್ಷವಾಯಿತು,
ಕಡಲ ನೀರು ಸಿಹಿ ಮಾಡುವ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್.
ವಾಲ್ವು, ಗ್ಯಾಸ್ಕೆಟ್ಟು, ಓ-ರಿಂಗು, ಪೈಪಿನ ಮೊಣಕೈ,
ನಾಲ್ಕು ಸಾವಿರ ಸಾಮಾನು ಕಣ್ಣು ಮುಚ್ಚಿ ತೆಗೆದುಕೊಡುವೆ.
ಎಂಟರಲ್ಲಿದ್ದಾಗ ಅಫ್ರಾ ಕೇಳಿದ್ದಳು:
'ಉಪ್ಪಾ, ಮೆಂಬ್ರೇನ್ ಅಂದರೆ ಏನು?'
'ಸಿ ಹದಿನಾಲ್ಕು, ಎಡಗಡೆ, ಮೇಲಿನ ಕಪಾಟು' ಎಂದೆ.
ನಕ್ಕು ನಕ್ಕು ಸುಸ್ತಾಗಿ, ಆಮೇಲೆ ಅವಳೇ ಹೇಳಿಕೊಟ್ಟಳು:
ಜೋರಾಗಿ ಒತ್ತಿದರೆ
ನೀರು ಆಚೆ ಹೋಗುತ್ತದೆ, ಉಪ್ಪು ಈಚೆ ಉಳಿಯುತ್ತದೆ.
'ಉಪ್ಪ ಈಚೆಯಾ?' ಎಂದಳು ಮೈಮೂನಾ ಒಗ್ಗರಣೆಯ ನಡುವೆ.

ಆವತ್ತೇ ಕಟ್ಟಡಕ್ಕೆಲ್ಲ ಗೊತ್ತಾಯಿತು, ಹುಡುಗಿ ಸೈನ್ಸ್ ಎಂದು.
ಮೂರನೇ ಮಹಡಿಯ ಚಾಕೊ ಎಂಜಿನಿಯರ್
ಮಗನ ಹಳೇ ಗೈಡುಗಳನ್ನು ದಾರ ಕಟ್ಟಿ ಇಟ್ಟರು.
ವಿಟ್ಲದಿಂದ ಭಾವ ವಾಯ್ಸ್ ಮೆಸೇಜಿನಲ್ಲೇ
ಡಾಕ್ಟರ್ ಸೀಟಿನ ರೇಟು ಹೇಳಿದ.

ಈಗ ನೋಡಿದರೆ ಮೊದಲ ಖಾನೆಯಲ್ಲಿ, ನೀಲಿ ಪೆನ್ನಿನಲ್ಲಿ,
ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರ.
ಎರಡನೆಯದು ಖಾಲಿ.
ಮೂರನೆಯದರಲ್ಲಿ ಒಂದು ಅನ್ನದ ಅಗುಳು.

'ಇದನ್ನು ಓದಿದರೆ ಕೆಲಸ ಏನು?'
'ನೀವು ಸಾಲಿನಲ್ಲಿ ನಿಂತಾಗ ನಿಮ್ಮ ಕೆಲಸಕ್ಕೆ ಹೆಸರಿತ್ತಾ?'

ಮೈಮೂನಾ ಗ್ಲಾಸುಗಳನ್ನು ಸದ್ದು ಮಾಡಿ ತೊಳೆದಳು.

'ನೀರು ಹೇಗೆ ಸಿಹಿಯಾಗುತ್ತೆ ಅಂತ ಗೊತ್ತಾಯ್ತಲ್ಲ ಉಪ್ಪಾ.
ಆಮೇಲೆ ಎಲ್ಲಿಗೆ ಹೋಗುತ್ತೆ?
ನಮ್ಮ ಕಟ್ಟಡಕ್ಕೆ ವಾರಕ್ಕೆ ಎರಡು ಟ್ಯಾಂಕರ್.
ನಿಮ್ಮ ಹೆಲ್ಪರ್ ಜಲೀಲನ ಕ್ಯಾಂಪಿಗೆ ಎಷ್ಟು?
ಅದರ ಲೆಕ್ಕ ಯಾರ ಹತ್ತಿರ ಇದೆ?'
ಲೆಕ್ಕ ನನ್ನ ಕೆಲಸ.
ಆ ಲೆಕ್ಕ ನನ್ನ ಲೆಜರಿನಲ್ಲಿಲ್ಲ.

ಹದಿನೈದು ಮಕ್ಕಳು ಸೇರಿದರೆ ಮಾತ್ರ ಈ ತರಗತಿ.
ಇದುವರೆಗೆ ಒಂಬತ್ತು.
ಹತ್ತು ಗಂಟೆಗೆ ಫೋನು ಹಿಡಿದು ಬಾಲ್ಕನಿಗೆ ಹೋದಳು.
ಗಾಜಿನಾಚೆ ಕಾರ್ಖಾನೆಗಳ ಬೆಂಕಿ,
ಅದರ ಕೆಂಪು ಅವಳ ಕಿವಿಯ ಮೇಲೆ.
ರಿನ್ಸಿಯ ಜೊತೆ ವಾದ, ತಾಹಾನ ಜೊತೆ ಜಗಳ,
ಯಾರದೋ ಅಮ್ಮನಿಗೆ ಅರ್ಧ ಗಂಟೆ ಹಿಂದಿಯಲ್ಲಿ ಸಮಾಧಾನ.
ಒಳಗೆ ನಾನು ಚಾಕೊ ಅವರ ಗೈಡುಗಳ ದಾರ ಬಿಚ್ಚಿದೆ,
ಮತ್ತೆ ಕಟ್ಟಿದೆ.

ಇಲ್ಲಿ ಹನ್ನೆರಡು ಮುಗಿದರೆ ನಮ್ಮಂಥವರ ಮಕ್ಕಳು ಹೊರಡುತ್ತಾರೆ.
ಯಾವ ವಿಷಯ ಎಂದರೆ ಯಾವ ಊರು,
ಯಾವ ಹಾಸ್ಟೆಲಿನ ಯಾವ ಮಂಚ,
ರಾತ್ರಿ ಜ್ವರ ಬಂದರೆ ಯಾರ ನಂಬರು.
ಇಷ್ಟೆಲ್ಲ ಬರೆಯಲು ಖಾನೆ ಬೆರಳಗಲ.

'ಹದಿಮೂರು' ಎನ್ನುತ್ತ ಒಳಬಂದಳು. ಹನ್ನೊಂದೂವರೆ.
ಇನ್ನಿಬ್ಬರು ಬೆಳಿಗ್ಗೆ ಬಸ್ಸಿನಲ್ಲಿ ಹೇಳುತ್ತಾರಂತೆ.
ಬಸ್ಸಿನಲ್ಲಿ ಬೇಡ, ಎನ್ನಬೇಕೆಂದಿದ್ದೆ. ಸುಮ್ಮನಾದೆ.
ಪೆನ್ಸಿಲು ಕೆತ್ತಿ, ಎರಡನೇ ಖಾನೆಯಲ್ಲಿ
ಉಸಿರು ತಾಗಿದರೆ ಅಳಿಸಿಹೋಗುವಷ್ಟು ತೆಳುವಾಗಿ
'ಕಾಮರ್ಸ್' ಎಂದು ಬರೆದಳು.
'ಇದು ನಿಮಗೆ.'

ಸಹಿಗೆ ಪೆನ್ನೆತ್ತಿದೆ. ಹತ್ತೊಂಬತ್ತು ವರ್ಷದ ಅಭ್ಯಾಸ,
'ಎಣಿಸಿ ನೋಡಿ ಪಡೆದಿದ್ದೇನೆ' ಎಂದು ಬರೆಯಹೊರಟ ಕೈ
ಅರ್ಧಕ್ಕೆ ನಿಂತಿತು.
ಸಾಮಾನು ಹೊರಗೆ ಕಳಿಸುವ ಚೀಟಿ ಬೇರೆ.
ಅದರ ಮೂಲೆಯಲ್ಲಿ ವಾಪಸಿನ ತಾರೀಖಿಗೂ ಒಂದು ಖಾನೆ ಇರುತ್ತದೆ.
ಹಾಳೆ ತಿರುಗಿಸಿ
ಹಿಂದೆಯೂ ನೋಡಿದೆ.