ಬಿಳಿ ನಾಲ್ಕಕ್ಕಿಂತ ಕೂದಲೆಳೆ ಕೆಳಗೆ

ಶಾರ್ಜಾದ ರೋಲಾ, ಹಿಂದಿನ ಗಲ್ಲಿ. ಕಂಪ್ಯೂಟರುಗಳನ್ನು
ಇಟ್ಟಿಗೆಯಂತೆ ಪೇರಿಸಿದ್ದಾರೆ:
ಯಾವುದೋ ಬ್ಯಾಂಕು ಕೈಬಿಟ್ಟವು, ಯಾವುದೋ ಆಸ್ಪತ್ರೆ ಬೇಸತ್ತು ಮಾರಿದವು.
ಬೆನ್ನ ಮೇಲೆ ಇನ್ನೂ ಚೀಟಿ,
ಆಸ್ತಿ ಸಂಖ್ಯೆ ನಾಲ್ಕು ಸೊನ್ನೆ ಒಂದು ಏಳು.

"ಗೇಮಿಗಾ? ಮಗನಿಗಾ?" ಚಿತ್ತಗಾಂಗಿನ ಮೊಫಿಜುಲ್ ಕೇಳಿದ.
"ಹಾಡು ಕಟ್ಟಲಿಕ್ಕೆ. ನನಗೇ."
ನನ್ನ ಹಸಿರು ಜಾಕೆಟ್ಟು ನೋಡಿದ,
ಎದೆಯ ಮೇಲಿನ ಬಸ್ಸಿನ ನಂಬರು ಓದಿದ,
ಸ್ಟೂಲು ಎಳೆದು ಕೊಟ್ಟ.

ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಎಣಿಸುವವಳು ನಾನು.
ಹತ್ತುವಾಗ ಮೂವತ್ತೊಂದು, ಇಳಿಯುವಾಗ ಮೂವತ್ತೊಂದು,
ಆಮೇಲೆ ಸೀಟಿನಡಿ ಬಗ್ಗಿ ನೋಡಬೇಕು,
ಯಾರೂ ನಿದ್ದೆಹೋಗಿ ಉಳಿದಿಲ್ಲ ತಾನೆ.
ಎಣಿಸಿ ಎಣಿಸಿ ಲೆಕ್ಕ ತಾಳಕ್ಕೆ ಬಿತ್ತು:
ಬಾಗಿಲು ಉಸ್ಸೆಂದರೆ ಒಂದು, ಬೆಲ್ಟು ಟಕ್ಕೆಂದರೆ ಎರಡು,
ಹಿಂದಿನ ಸೀಟಿನ ಹುಡುಗಿಯ ಬಿಕ್ಕಳಿಕೆ
ತಾಳ ತಪ್ಪಿ, ಆದರೆ ಸರಿಯಾಗಿ.
ಫೋನಿನಲ್ಲಿ ಹಿಡಿದಿಟ್ಟಿದ್ದೇನೆ ಇನ್ನೂರ ನಲವತ್ತು ಸದ್ದು.
ಹೊಟ್ಟೆ ತುಂಬಿದ ಫೋನು ಈಗ ಫೋಟೋ ಕೂಡ ತೆಗೆಯುವುದಿಲ್ಲ.

ಹಾಲಿನ ಪುಡಿ ಡಬ್ಬಿಯಲ್ಲಿ ಏಳುನೂರು ದಿರ್ಹಮ್.
ಹೊಸದಕ್ಕೆ ಮೂರು ಸಾವಿರದ ನಾನೂರು. ಅದನ್ನು ಮಾಲಿನಲ್ಲಿ
ಗಾಜಿನಾಚೆಯಿಂದ ನೋಡಿ ಬಂದೆ,
ತೆಳ್ಳಗೆ, ಬೆಳ್ಳಗೆ, ನೀರುದೋಸೆ ಹೊಯ್ದಂತೆ.
ರಾತ್ರಿಪಾಳಿಯಲ್ಲಿ ಖುಬ್ಬೂಸ್ ಸುಡುವ ನನ್ನ ಗಂಡ ಮಾಸ್ತಪ್ಪ
ಮೊದಲೇ ಹೇಳಿದ್ದ: "ಎಮ್ಮೆ ಕೊಳ್ಳುವ ಹಾಗೆ ಕೊಳ್ಳು.
ಕೋಡು ನೋಡಬೇಡ, ಕೆಚ್ಚಲು ನೋಡು."

ಕೆಚ್ಚಲು ಅಂದರೆ ಇಲ್ಲಿ ಯಾವುದು?
ರ‍್ಯಾಮು ಎಂಟೋ ಹದಿನಾರೋ, ಅದು ಅಡಿಗೆಕಟ್ಟೆ,
ಒಟ್ಟಿಗೆ ಎಷ್ಟು ಪಾತ್ರೆ ಇಡಬಹುದು, ಅಷ್ಟೇ. ಡಿಸ್ಕು ಅಟ್ಟ.
ಪ್ರೊಸೆಸರಿಗೆ ವಯಸ್ಸಾಗಿರಲಿ, ಕೈ ಚುರುಕಿರಬೇಕು.
ಸ್ಕ್ರೀನು ಮಾಸಿರಲಿ, ಹಾಡಿಗೆ ಕಣ್ಣೇಕೆ.
ಒಂದನ್ನು ಮಾತ್ರ ಬಿಡಲಾರೆ: ಒತ್ತಿದ್ದಕ್ಕೂ ಕೇಳಿದ್ದಕ್ಕೂ ನಡುವೆ
ಬೆರಳು ತೂರುವ ಸಂದು ಇರಬಾರದು.
ಸಂದು ಬಿದ್ದರೆ ಅದು ಹಾಡಲ್ಲ,
ಅಣ್ಣನ ಜೊತೆಗಿನ ವಾಟ್ಸಾಪು ಜಗಳ.
ನಾನು ನಕ್ಕು ಮುಗಿಸಿದ ಮೇಲೆ ಅವನ ಬೈಗುಳ ಬಂದು ತಲುಪುತ್ತದೆ.

ಮೊದಲನೆಯದು ಎದ್ದಿತು, ಕೆಮ್ಮಿತು, ನೀಲಿಯಾಗಿ ಸತ್ತಿತು.
ಎರಡನೆಯದರೊಳಗೆ ಯಾರೋ ಮರೆತ ಮದುವೆ ಫೋಟೋ. ಮುಚ್ಚಿದೆ.
ಮೂರನೆಯದು ಚುರುಕು, ಫ್ಯಾನು ಮಾತ್ರ ಹಿಟ್ಟಿನ ಗಿರಣಿ.
ಡಬ್ಬಕ್ಕೆ ಕಿವಿಯಿಟ್ಟು ಕೂತವಳನ್ನು ನೋಡಿ ಮೊಫಿಜುಲ್,
"ಎಲ್ಲರೂ ಸ್ಕ್ರೀನು ನೋಡ್ತಾರೆ. ನೀವೇನು ಡಾಕ್ಟರಾ?"

ನಾಲ್ಕನೆಯದು ಕಪ್ಪು, ದಪ್ಪ, ಮೂಲೆ ಒಡೆದ ಡೆಸ್ಕ್‌ಟಾಪು.
ಅದೂ ಗುನುಗುತ್ತಿತ್ತು. ಆದರೆ ಒಂದೇ ಸ್ವರ, ಅಲುಗದೆ:
ನನ್ನ ಹಾರ್ಮೋನಿಯಮ್ಮಿನ ಬಿಳಿ ನಾಲ್ಕು,
ಅದಕ್ಕಿಂತ ಕೂದಲೆಳೆ ಕೆಳಗೆ.
ಬಾಯಿ ಮುಚ್ಚಿಕೊಂಡೇ ಷಡ್ಜ ಹಿಡಿದೆ.
ಚಾರ್ಜರು ಹುಡುಕುತ್ತಿದ್ದ ಪಠಾಣ ತಿರುಗಿ ನೋಡಿದ.
ಹಾರ್ಮೋನಿಯಮ್ಮನ್ನು ಇಳಿಸಲಾಗದು, ಗಂಟಲನ್ನು ಇಳಿಸಬಹುದು.

ಆರುನೂರೈವತ್ತು. ಕೀಬೋರ್ಡು ಪುಕ್ಕಟೆ, ಅದರಲ್ಲಿ ಎಂಟರ ಗುಂಡಿ ಇಲ್ಲ.
ಉಳಿದ ಐವತ್ತರಲ್ಲಿ ಟ್ಯಾಕ್ಸಿ, ಒಂದು ಶವರ್ಮಾ, ಅರ್ಧರ್ಧ.

ಈಗ ಆಗಸ್ಟು. ಶಾಲೆಗೆ ರಜೆ, ಸಂಬಳಕ್ಕೂ.
ಹಿಟ್ಟಿನ ವಾಸನೆಯ ಮಾಸ್ತಪ್ಪ ಎದ್ದು ಪಾಳಿಗೆ ಹೋದ ಮೇಲೆ
ಮಂಚವೇ ಸ್ಟುಡಿಯೋ, ರಜಾಯಿಯೇ ಗೋಡೆ.
ಆ ಚೀಟಿಯನ್ನು ಕೀಳಲಿಲ್ಲ. ಆಸ್ತಿ ಅಂತ ಬರೆದದ್ದು
ಈ ಕೋಣೆಯಲ್ಲಿ ಅದೊಂದೇ.
ಹಾಡಬೇಕಾದರೆ ಏಸಿ ಆರಿಸಬೇಕು, ಏಸಿ ಇಬ್ಬರದು,
ಪ್ಲೈವುಡ್ಡಿನ ಆಚೆ ಮನಿಲಾದ ರೋವೆನಾ.
ಮೂರು ನಿಮಿಷ ತಡೆಯುತ್ತಾಳೆ. ಹಾಗಾಗಿ
ನನ್ನ ಹಾಡುಗಳೆಲ್ಲ ಮೂರು ನಿಮಿಷದವು.
ನಿನ್ನೆ ಚರಣ ತುಸು ಉದ್ದವಾಯಿತು,
ಅವಳು ಗೋಡೆ ಗುದ್ದಿದಳು, ಎರಡು ಸಲ.
ಅಳಿಸಲು ಹೋದವಳು ಮತ್ತೆ ಕೇಳಿದೆ.
ಇನ್ನೂರ ನಲವತ್ತೊಂದು.