ಊದುವ ಪರೀಕ್ಷೆ

ಮೂಗಿಗೆ ಕ್ಲಿಪ್ಪು ಹಾಕಿ, ತುಟಿ ಬಿಗಿ ಮಾಡಿಸಿ
ದಿನಕ್ಕೆ ಮೂವತ್ತು ಜನರಿಗೆ ನಾನು ಕೂಗುವುದು ಒಂದೇ:
ಎಳ್ಕೊಳ್ಳಿ, ಇನ್ನೂ ಎಳ್ಕೊಳ್ಳಿ, ಹಾಂ, ಈಗ
ಊದಿ ಊದಿ ಊದಿ ಊದಿ ಬಿಡಬೇಡಿ ಊದಿ.
ಗೋಡೆಯಾಚೆ ಇಂಜೆಕ್ಷನ್ ರೂಮಿನ ಸಿಸ್ಟರಿಗೆ ನಗು:
ಏನೇ ಸುಗುಣಾ, ಒಲೆ ಹತ್ತಿತಾ?

ಇವತ್ತು ಹನ್ನೊಂದೂವರೆಗೆ ಹಾಲೇಶಪ್ಪ.
ಎತ್ತರ ಐದಡಿ ಎಂಟಿಂಚು, ವಯಸ್ಸು ನಲವತ್ತೊಂದು.
ಚಪ್ಪಲಿ ಹೊರಗೆ ಬಿಟ್ಟು ಬಂದ, ಗುಡಿಯೊಳಗೆ ಬರುವ ಹಾಗೆ.
ಕೂತವನು ಎರಡು ನಿಮಿಷ ಮಾತಾಡಲಿಲ್ಲ.
ಮೆಟ್ಟಿಲು, ಎಂದ ಆಮೇಲೆ.

ಇಷ್ಟೆತ್ತರದ ಗಂಡಸಿನೊಳಗೆ ಎಷ್ಟು ಗಾಳಿ ಹಿಡಿಯಬೇಕೆಂದು
ಯಂತ್ರಕ್ಕೆ ಗೊತ್ತು. ಚುಕ್ಕಿಗೆರೆ ಎಳೆದಿಟ್ಟು ಕಾಯುತ್ತದೆ.
ಹಾಲೇಶಪ್ಪನ ಗೆರೆ ಸರ್ರನೆ ಏರಿತು, ಸರ್ರನೆ ಇಳಿಯಿತು,
ಎಲ್ಲೂ ತಡವರಿಸಲಿಲ್ಲ.
ಬೀಡಿ ಸೇದುವವರದು ಹೀಗಲ್ಲ,
ಅವರದು ಘಾಟಿ ಹತ್ತುವ ಹಳೇ ಬಸ್ಸು, ಎಳೆದೆಳೆದು ಬರುತ್ತದೆ.
ಇವನಿಗೆ ದಾರಿ ಸಲೀಸು.
ಹೊರಗೆ ತರಲು ಒಳಗೇ ಏನಿಲ್ಲ.
ಗೋಡೆಗಳು ವರ್ಷಕ್ಕೆ ಒಂದೊಂದು ಬೆರಳು ಸರಿದು
ಮನೆ ಚಿಕ್ಕದಾಗಿದೆ.

ನಲವತ್ತೆಂಟು, ಎಂದೆ.
ನೂರಕ್ಕಾ?
ನೂರಕ್ಕೆ.
ಮೂವತ್ತೈದಕ್ಕೆ ಪಾಸಲ್ವಾ ಮೇಡಂ?
ನಗಲು ಹೋದ. ಅರ್ಧಕ್ಕೆ ಅದು ಕೆಮ್ಮಾಯಿತು.

ಮೂರು ಸಲ ಊದಿಸಬೇಕು, ನಿಯಮ.
ಎರಡನೆಯದು ಮುಗಿದ ಬಿಡುವಿನಲ್ಲಿ ಹೇಳಿದ,
ಎರಡು ಮಾತಿಗೊಮ್ಮೆ ನಿಂತು:

ಮಾಚೇನಹಳ್ಳೀಲಿ ಶೆಡ್ಡು. ಎರಕ ಬಿಚ್ಚಿದ ಮೇಲೆ
ಮೈಗೆ ಮರಳು ಮೆತ್ತಿರುತ್ತೆ, ಚಕ್ರ ಹಿಡಿದು ಉಜ್ಜೋದು.
ನಮ್ಮ ತುಂಗೆ ಮರಳಲ್ಲ, ಮೂಟೇಲಿ ಬರೋದು.
ಉಜ್ಜಿದ್ರೆ ಮುಖಕ್ಕೆ ಹಚ್ಚೋ ಪೌಡರ್ ಹಂಗೆ.
ಕಿಂಡೀಲಿ ಬಿಸಿಲು ಬಿದ್ದಾಗ
ಸುಳ್ಳು ಯಾಕೆ, ಚೆಂದ ಕಾಣೋದು.
ಮೂತಿಗೆ ಟವೆಲ್ಲು. ಇನ್ಸ್‌ಪೆಕ್ಟರ್ ಬಂದ ದಿನ ದೊಡ್ಡ ಫ್ಯಾನು.
ಯಾರೂ ಉಸಿರೆತ್ತಬೇಡಿ ಅಂದಿದ್ರು,
ನಾವು ಎತ್ತಲಿಲ್ಲ.
ಕೆಮ್ಮಿಗೆ ಟಿ.ಬಿ. ಅಂದ್ರು. ಆರು ತಿಂಗಳು ಮಾತ್ರೆ,
ಉಚ್ಚೆ ಕೆಂಪಾಯ್ತು, ಮನೇಲಿ ತಟ್ಟೆ ಬೇರೆ ಆಯ್ತು,
ಕೆಮ್ಮು ಹಂಗೇ ಇತ್ತು.
ಶನಿವಾರ ಮೇಸ್ತ್ರಿ ಒಂದೊಂದು ಅಚ್ಚು ಬೆಲ್ಲ ಕೊಡೋರು,
ತಿನ್ನಿ, ದೂಳೆಲ್ಲಾ ಹೊಟ್ಟೆಗಿಳಿದು ಹೋಗುತ್ತೆ ಅಂತ.
ನಾನು ತಿಂತಿರ್ಲಿಲ್ಲ.
ಮಗಳಿಗೆ ಒಯ್ತಿದ್ದೆ.

ಅದಕ್ಕೇ ಇರಬಹುದಾ ಮೇಡಂ?

ಕಿಟಕಿಯಾಚೆ ಸಾಗರ ರಸ್ತೆಯಲ್ಲಿ ಯಾವುದೋ ಲಾರಿ
ಹಾರನ್ನು ಹೊಡೆಯುತ್ತಲೇ ಇತ್ತು.
ಇಲ್ಲ, ಎಂದೆ. ಬೆಲ್ಲದಿಂದ ಏನೂ ಆಗುತ್ತಿರಲಿಲ್ಲ.
ನಂಬಿದನೋ ಇಲ್ಲವೋ.

ಮೂರನೇ ಸಲ ಕ್ಲಿಪ್ಪು ಹಾಕಲು ಹೋದರೆ ತಡೆದ:
ಹೆಚ್ಚು ಬಂದ್ರೆ ಫಿಟ್ ಅಂತಾರೆ, ವಾಪಸ್ ಕೆಲಸ.
ಕಮ್ಮಿ ಬಂದ್ರೆ ಪರಿಹಾರ ಕೇಳ್ಬಹುದಂತೆ, ಯೂನಿಯನ್ನೋರು ಹೇಳಿದ್ರು.
ನೀವೇ ಹೇಳಿ,
ಹೆಂಗೆ ಊದ್ಲಿ?

ನನ್ನ ಟ್ರೈನಿಂಗಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ.
ಊದಿ, ಎಂದೆ, ಕೂಗದೆ.
ಊದಿದ. ನಲವತ್ತೆಂಟೇ.
ಯಾವ ಕಡೆಗೂ ಸುಳ್ಳು ಹೇಳುವಷ್ಟು ಗಾಳಿ
ಅವನಲ್ಲಿ ಉಳಿದಿರಲಿಲ್ಲ.

ಚೀಟಿಯಲ್ಲಿ ಕೆಳಗಿನ ಕೌಂಟರಿನವರು ಬರೆದಿದ್ದರು:
ಉದ್ಯೋಗ, ಕೂಲಿ.
ಹೊಡೆದುಹಾಕಿದೆ. ತಿದ್ದುವ ಅಧಿಕಾರ ನನಗಿಲ್ಲ.
ಖಾನೆ ಒಂದೂವರೆ ಇಂಚು, ಅಕ್ಷರ ಒತ್ತೊತ್ತಾಗಿ, ಅಂಚಿನವರೆಗೆ:
ಎರಕದ ಮರಳು ಉಜ್ಜುವ ಕೆಲಸ, ಹದಿನಾಲ್ಕು ವರ್ಷ, ಮುಚ್ಚಿದ ಶೆಡ್
ಮಾಸ್ಕ್ ಇಲ್ಲ ಎನ್ನುವುದಕ್ಕೆ ಜಾಗ ಸಾಲದೆ
ಚೀಟಿಯ ಬೆನ್ನಿಗೆ ಬರೆದೆ.
ಬೆಲ್ಲದ ವಿಷಯ ಬಿಟ್ಟೆ.

ಇಳಿಯುವಾಗಲೂ ಅವನು ನಿಂತು ನಿಂತು ಇಳಿದ,
ಇಲ್ಲಿಗೆ ಕೇಳಿಸುತ್ತಿತ್ತು.
ರಟ್ಟಿನ ಕೊಳವೆ ಬುಟ್ಟಿಗೆ ಹಾಕಿ
ನೆಕ್ಸ್ಟ್, ಎಂದೆ.
ಬಾಗಿಲಲ್ಲಿ ಒಬ್ಬ ಹುಡುಗ, ಇನ್ನೂ ಮೀಸೆ ಬಲಿತಿಲ್ಲ,
ಬಗ್ಗಿ ಚಪ್ಪಲಿ ಬಿಡುತ್ತಿದ್ದ.
ಕಿವಿಯ ಹಿಂದೆ, ನೀರು ತಾಗದ ಕಡೆ,
ಬೂದು ಪುಡಿ.