ವಾಸನೆಯಿಲ್ಲದ ಐಸು

ನಮ್ಮ ಮಲ್ಪೆಯಲ್ಲಿ ಐಸೆಂದರೆ ಬಂಗುಡೆಯ ಹಾಸಿಗೆ.
ಅಮೋನಿಯಾದ ಘಾಟು, ಉಪ್ಪುನೀರ ತೊಟ್ಟಿ,
ಸರಪಳಿ ಮೇಲೆತ್ತಿದ ತಗಡಿನ ಡಬ್ಬಿಯಿಂದ
ನಡುವೆ ಮಾತ್ರ ಬಿಳಿಚಿಕೊಂಡ ಗಾಜಿನಂಥ ಗಡ್ಡೆ.
ಅಪ್ಪ ಕೊಕ್ಕೆ ಹಾಕಿ ಎಳೆದು ಬಿಟ್ಟರೆ
ಹಲಗೆಯ ಜಾರಿನಲ್ಲಿ ಸರ್ರನೆ ಇಳಿದು
ಕ್ರಷರಿನ ಬಾಯಿಗೆ.

ಏಳನೇ ಕ್ಲಾಸಿನಲ್ಲಿ ಅದರ ಮೇಲೆ ಗೋಣಿ ಹಾಸಿ ಕೂತು
ಎರಡು ಸಲ ಇಳಿದಿದ್ದೇನೆ.
ಮೂರನೇ ಸಲ ಅಪ್ಪ ನೋಡಿದರು.
ಬೆನ್ನ ಮೇಲೆ ಅವರ ಹಗ್ಗದ ಬರೆಯೇ
ನನ್ನ ಮೊದಲ ಪದಕ ಅಂತ ಪತ್ರಿಕೆಯವರಿಗೆಲ್ಲ ಹೇಳಿದೆ.
(ಹೊಡೆದದ್ದು ಸುಳ್ಳು. ಅವರು ಅಲ್ಲೇ ಕೂತು ಅತ್ತಿದ್ದರು.)

ಗುಲ್ಮಾರ್ಗಿನಲ್ಲಿ ಬಾಡಿಗೆ ಹಲಗೆ, ಯಾರದೋ ಬೂಟು.
‘ಮೊದಲು ಬೀಳುವುದನ್ನು ಕಲಿ’ ಅಂದರು ಲೋನ್ ಸಾಹೇಬರು.
ಬಿದ್ದೆ. ಜನವರಿಯಿಡೀ ಬಿದ್ದೆ.
ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ
ಬೀಳುವುದೇ ಇಳಿಯುವುದಾಯಿತು.

ಕಂಬಗಳ ನಡುವೆ ನುಸುಳುವ ಓಟ ನನ್ನದಲ್ಲ.
ದಾರಿಯೇ ಇಲ್ಲದ ಗುಡ್ಡದ ಮುಖ ನನ್ನದು.
ಮುಂಚೆ ಒಮ್ಮೆಯೂ ಇಳಿದು ನೋಡಲು ಬಿಡುವುದಿಲ್ಲ,
ಹಿಂದಿನ ದಿನ ಕೆಳಗೆ ನಿಂತು ದುರ್ಬೀನಿನಲ್ಲಿ ಓದಬೇಕು,
ನೀರಿನ ಬಣ್ಣದಲ್ಲಿ ನಮ್ಮ ತಾಂಡೇಲರು ಬೂತಾಯಿ ಓದುವ ಹಾಗೆ:
ಇಲ್ಲಿ ಬಂಡೆ, ಇಲ್ಲಿ ಎಡಕ್ಕೆ, ಇಲ್ಲಿ ಹಾರಬೇಕು,
ಹಾರಿದ ಮೇಲೆ ನೆಲ ಇರಬೇಕು.
ಮರುದಿನ ತುದಿಯಲ್ಲಿ ನಿಂತರೆ ಓದಿದ್ದೆಲ್ಲ ತಲೆಕೆಳಗು.
ಹಲಗೆಯ ಮೂತಿ ಕಾಣುತ್ತದೆ,
ಆಮೇಲೆ ಬರೇ ಗಾಳಿ.

ಮೊದಲು ದುಡ್ಡು ಕೊಟ್ಟದ್ದು ಬಂದರಿನ ಬಲೆ ಅಂಗಡಿ.
ಆಸ್ಟ್ರಿಯಾದಲ್ಲಿ ನನ್ನ ಹಲಗೆಯ ಮೇಲಿನ ಸ್ಟಿಕ್ಕರು ನೋಡಿ
ಒಬ್ಬಳು ಕೇಳಿದಳು, ಪರ್ವತ ಹತ್ತುವ ಹಗ್ಗವಾ?
ಹೌದು ಅಂದೆ. ತಿಮಿಂಗಿಲವನ್ನೂ ತಡೆಯುತ್ತದೆ.

ಒಂಬತ್ತು ಚಳಿಗಾಲ.
ಒಂದೇ ಒಂದು ಮೂರನೇ ಸ್ಥಾನ, ಹದಿನೇಳನೆಯದು ಬೇಕಾದಷ್ಟು,
ಸೊಸೈಟಿಯ ಸಾಲ, ಕಪ್ಪಾಗಿ ಉದುರಿದ ಉಗುರು.
ಒಮ್ಮೆ ಬೆನ್ನ ಹಿಂದೆ ಇಡೀ ಗುಡ್ಡ ಕಳಚಿಕೊಂಡಿತು.
ಸದ್ದು ಥೇಟು ನಮ್ಮ ಕ್ರಷರಿನದು.
ಹೆದರಬೇಕಾದ ಹೊತ್ತಿನಲ್ಲಿ ನನಗೆ
ಮೀನಿನ ಬುಟ್ಟಿಗಳ ನೆನಪಾಯಿತು.

ಮೊಣಕಾಲು ಹೋದದ್ದು ಅಲ್ಲೂ ಅಲ್ಲ.
ಇಳಿದು ಮುಗಿಸಿ, ಜನಕ್ಕೆ ಕೈ ಬೀಸಿ,
ಚಹಾದಂಗಡಿಯ ಮೆಟ್ಟಿಲಿನಲ್ಲಿ.

ಮಣಿಪಾಲದ ಆಸ್ಪತ್ರೆಯ ಕೌಂಟರಿನಲ್ಲಿ ಹುಡುಗ ಕೇಳಿದ:
‘ಹೆಸರು?’ ಸುಚೇತಾ ಕುಂದರ್.
‘ವೃತ್ತಿ?’ ಸ್ಕೀ.
‘ಯಾವ ಸ್ಕೀಮು?’
ಕೊನೆಗೆ ಬರೆದುಕೊಂಡ: ಮೀನುಗಾರಿಕೆ.
ತಿದ್ದಲು ಹೋಗಲಿಲ್ಲ.

ಊರವರು ಕೇಳುವುದು ಎಷ್ಟು ಚಳಿ, ಎಷ್ಟು ದುಡ್ಡು.
ಅಪ್ಪ ಮಾತ್ರ ಒಂದು ರಾತ್ರಿ, ಗಂಜಿಗೆ ಉಪ್ಪಿನಕಾಯಿ ಬಡಿಸುತ್ತ,
‘ಅಲ್ಲಿಯ ಐಸಿನ ವಾಸನೆ ಹೇಗೆ?’
ವಾಸನೆ ಇಲ್ಲ ಅಂದೆ.
ನಂಬಲಿಲ್ಲ.
ಮೂವತ್ತೊಂದು ವರ್ಷ ಐಸು ತೆಗೆದ ಮನುಷ್ಯ
ತನ್ನ ಅಂಗೈ ಮೂಸಿ ನೋಡಿಕೊಂಡರು.

ಈಗ ಆಗಸ್ಟು. ಬೋಟುಗಳು ಮತ್ತೆ ನೀರಿಗಿಳಿದಿವೆ.
ಒಡಿಶಾದ ಹೊಸ ಹುಡುಗ ಕೊಕ್ಕೆ ಹಾಕಿ ಗಡ್ಡೆ ಬಿಡುತ್ತಾನೆ.
ನಾನು ಸ್ಟೂಲಿನ ಮೇಲೆ, ಕಾಲು ನೀಡಿ,
ತೊಡೆಯ ಮೇಲೆ ಲೆಕ್ಕದ ಪುಸ್ತಕ:
ನಲವತ್ತೆರಡು. ನಲವತ್ತಮೂರು.
ಜಾರಿನ ನಡುವೆ ಒಂದು ಮೊಳೆ ಎದ್ದಿದೆ,
ಪ್ರತಿ ಗಡ್ಡೆಯೂ ಅಲ್ಲಿಗೆ ಬಂದು ಒಂಚೂರು ತಿರುಗುತ್ತದೆ,
ನನ್ನ ಸೊಂಟ ಎಡಕ್ಕೆ ವಾಲುತ್ತದೆ,
ಡಾಕ್ಟರು ಬೇಡವೆಂದಷ್ಟು ಮೊಣಕಾಲು ಮಡಚುತ್ತದೆ.

‘ಅಕ್ಕಾ, ಬರೆದಿರಾ?’

ಇಲ್ಲ.
ಇನ್ನೊಂದು ಬಿಡು.